ಕೆಲಸ ಮನಿಲಾಕ್ಕೆ ಹೋದ ಮೇಲೆ

(ನನ್ನ ಹತ್ತಿರ ಸಮಾಲೋಚನೆಗೆ ಬಂದವರೊಬ್ಬರ ಕಥೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ.)

ಶಿರಸಿ ಕಡೆಯ ಹಳ್ಳಿಯವರು, ವಯಸ್ಸು ನಲವತ್ತು ದಾಟಿದೆ. ಬೆಂಗಳೂರಿನ ಕಂಪನಿಯೊಂದಕ್ಕೆ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಮಾಡುತ್ತಿದ್ದರು. ಕೊರೋನಾದಲ್ಲಿ ಊರಿಗೆ ಬಂದವರು ಮನೆಯಿಂದಲೇ ಮುಂದುವರಿಸಿದ್ದರು. ಇನ್ಶೂರೆನ್ಸ್‌ನವರು ವಾಪಸ್ ಕಳಿಸಿದ ಕ್ಲೇಮಿನಲ್ಲಿ ಯಾವ ಕೋಡ್ ತಪ್ಪಿದೆ ಅಂತ ಹುಡುಕಿ ಸರಿಮಾಡುವ ಕೆಲಸ. ರೋಗಿಗಳ ಫೋನ್ ಕರೆ, ಬಿಲ್ಲಿಂಗ್ ಎರಡೂ ಒಂದೇ ಕಡೆ ಇರಲಿ ಅಂತ ಕ್ಲೈಂಟ್ ಹೇಳಿತಂತೆ. ಆ ಕೆಲಸ ಪೂರ್ತಿ ಫಿಲಿಪ್ಪೀನ್ಸ್‌ನ ಮನಿಲಾಕ್ಕೆ ಹೋಯಿತು. ಅಲ್ಲಿನವರಿಗೆ ಕೆಲಸ ಕಲಿಸಿಕೊಟ್ಟವರೂ ಇವರೇ.

ಕೆಲಸ ಹೋಗಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಶಿಫ್ಟ್ ಇದ್ದಾಗಿನ ಹಾಗೆಯೇ ಸಂಜೆ ಆರೂವರೆಗೆ ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದೆ ಮಾಡುತ್ತಾರಲ್ಲ, ಆಗ ಇವರೂ ಏಳೂವರೆಗೆ ಕೂರಲು ಶುರು ಮಾಡಿದರು. ಮೀಟಿಂಗ್ ಇರಬಹುದು ಅಂತ ಅಮ್ಮ ಬಾಗಿಲ ಹತ್ತಿರ ಕಷಾಯ ಇಟ್ಟು ಹೋಗುತ್ತಿದ್ದರಂತೆ. ಇದನ್ನು ಹೇಳುವಾಗಲೇ ಅವರು ಅತ್ತಿದ್ದು. ಸಂಬಳದ ಮೆಸೇಜ್ ಬಾರದ್ದನ್ನು ಗಮನಿಸಿದ ಹೆಂಡತಿ ನನ್ನ ಹತ್ತಿರ ಕರೆತಂದರು.

ದುಡ್ಡಿನ ಚಿಂತೆಯ ಅಡಿಯಲ್ಲಿ ಇನ್ನೊಂದು ಕುದಿ ಇತ್ತು. “ಮೇಡಂ, ಈ ಕೆಲಸ ನನಗೆ ಕಲಿಸಿದ್ದು ಅಮೆರಿಕದ ಒಬ್ಬ ಹೆಂಗಸು. ಕಲಿಸಿ ಮುಗಿದ ಮೇಲೆ ಅವರ ಕೆಲಸ ಹೋಯಿತು. ಅವರ ಶಾಪ ತಟ್ಟಿತಾ?”

“ನೀವು ಅವರದ್ದನ್ನು ಕಿತ್ತುಕೊಳ್ಳಲಿಲ್ಲ. ಮನಿಲಾದ ಹುಡುಗರೂ ನಿಮ್ಮದನ್ನು ಕಿತ್ತುಕೊಂಡಿಲ್ಲ. ಕೆಲಸ ಎಲ್ಲಿ ನಡೆಯಬೇಕು ಅಂತ ಯಾರೂ ನಿಮ್ಮನ್ನು ಕೇಳಲೇ ಇಲ್ಲ, ಅಲ್ವಾ?” ಎಂದೆ. ಬಹಳ ಹೊತ್ತು ಆ ಹೆಂಗಸಿನ ಬಗ್ಗೆಯೇ ಮಾತಾಡಿದರು. ತಡೆಯಲಿಲ್ಲ.

ಅಪ್ಪನಿಗೆ ಹಗಲು ಹೊತ್ತಿನಲ್ಲಿ, ಹೆಂಡತಿ ಜೊತೆಗಿರುವಾಗ ಹೇಳಿ ಎಂದೆ. ಕೆಲಸ ಹೋಗಿದೆ, ಇಷ್ಟು ಉಳಿತಾಯ ಇದೆ, ಇಷ್ಟು ಕಂತು ಇದೆ. ಅಷ್ಟು ಸಾಕು. ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು, ಅಂದರೆ ಗ್ರಾಚ್ಯುಟಿ, ಕೇಳಲು ನಾಚಿಕೆಪಟ್ಟು ಬಿಟ್ಟಿದ್ದರು. ಕಾಯಂ ಕೆಲಸದಲ್ಲಿ 5 ವರ್ಷ ಮುಗಿಸಿದವರಿಗೆ ಅದು ಹಕ್ಕು. ವರ್ಷಕ್ಕೆ 15 ದಿನದ ವೇತನದ ಲೆಕ್ಕ, 30 ದಿನದೊಳಗೆ ಕೊಡಬೇಕು. ಬಂದ ದುಡ್ಡನ್ನು ಸದ್ಯಕ್ಕೆ ಹೋಂಸ್ಟೇ ಶುರುಮಾಡಲು ಸುರಿಯಬೇಡಿ ಅಂತಲೂ ಹೇಳಿದೆ. ಕ್ಲೇಮ್ ಗೊತ್ತಿರುವವರು ನಮ್ಮ ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕಿಗೂ ಬೇಕು. ಹುಬ್ಬಳ್ಳಿ, ಮಣಿಪಾಲದ ಕಡೆ ವಿಚಾರಿಸಲಿ. ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ರಾತ್ರಿಗೆ ತರಬೇಕು, ಬೆಳಿಗ್ಗೆ ಬಿಸಿಲಿಗೆ ಬರಬೇಕು. ನಡುರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪನಿಗೆ ಹೇಳಿ ಆಗಿದೆ. “ಮೊದಲೇ ಹೇಳಿದ್ದರೆ ಅಡಿಕೆ ಕೊನೆಕೊಯ್ಲಿಗೆ ಒಬ್ಬ ಆಳು ಕಡಿಮೆ ಸಾಕಿತ್ತು” ಅಂದರಂತೆ. ಗ್ರಾಚ್ಯುಟಿ ಅರ್ಜಿ ಹೋಗಿದೆ. ನಿದ್ದೆ ಇನ್ನೂ ಸರಿಯಾಗಿಲ್ಲ, ಮುಂದಿನ ತಿಂಗಳೂ ಬರಲು ಹೇಳಿದ್ದೇನೆ.