ಬಲಿಷ್ಠ ತಂಡದೆದುರು ಸೋತಾಗ ಯಾವ ಪದ?

ಕೊಡವ ಕೌಟುಂಬಿಕ ಹಾಕಿಯ ವರದಿಯಲ್ಲಿ, ಮಾಜಿ ಚಾಂಪಿಯನ್ನರೆದುರು 0-5ರಿಂದ ಸೋತ ಹೊಸ ತಂಡದ ಬಗ್ಗೆ ‘ಮುಗ್ಗರಿಸಿತು’ ಎನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಗೆದ್ದೇ ಗೆಲ್ಲುತ್ತದೆ ಎಂದುಕೊಂಡ ತಂಡ ಎಡವಿದಾಗ ಆ ಪದ ಒಪ್ಪುತ್ತದೆ. ಇಲ್ಲಿ ಹಾಕಿದರೆ ಬಲಿಷ್ಠರು ಯಾರೆಂಬುದೇ ತಿರುವುಮುರುವಾಗುತ್ತದೆ.

‘ಮಣಿಯಿತು’ ಸರಿಯಾದ ಪದ. ಎದುರಾಳಿಯ ಹೆಸರಿಗೆ ‘ಗೆ’ ಅಥವಾ ‘ಕ್ಕೆ’ ಸೇರಿಸಿ: ‘ಮಾಜಿ ಚಾಂಪಿಯನ್ ತಂಡಕ್ಕೆ 0-5ರಿಂದ ಮಣಿಯಿತು’. ‘ಮಣಿಸಿತು’ ಗೆದ್ದವರಿಗೆ. ಅವಸರದಲ್ಲಿ ಶೀರ್ಷಿಕೆ ಕೊಡುವಾಗ ಒಂದು ‘ಸಿ’ ನುಸುಳಿದರೂ ಫಲಿತಾಂಶವೇ ಉಲ್ಟಾ, ಆದ್ದರಿಂದ ಅದನ್ನು ಇನ್ನೊಮ್ಮೆ ಓದಿ ನೋಡಿ.

‘ಶರಣಾಯಿತು’ ಕೈಚೆಲ್ಲಿ ಕುಳಿತವರಿಗೆ. ಗೋಲ್‌ಕೀಪರ್ ಹಲವು ಪೆನಾಲ್ಟಿ ಕಾರ್ನರ್ ತಡೆದರೆಂದು ನೀವೇ ಬರೆದಿದ್ದೀರಲ್ಲ, ಆ ತಂಡಕ್ಕೆ ಈ ಪದ ಅನ್ಯಾಯ. ಮೊದಲಾರ್ಧ ಗೋಲಿಲ್ಲದೆ ಮುಗಿದಿದ್ದರೆ ‘ವಿರಾಮದ ಬಳಿಕ ಎದುರಾಳಿಗಳ ಕೈ ಮೇಲಾಯಿತು’ ಎನ್ನಿ, ಆಟ ತಿರುಗಿದ್ದು ಎಲ್ಲಿ ಎಂಬುದೂ ಗೊತ್ತಾಗುತ್ತದೆ. 1-2ರ ಸೋಲಾಗಿದ್ದರೆ ‘ಹೋರಾಡಿ ಸೋತಿತು’ ಸಾಕು.

‘ಧೂಳೀಪಟ’ವನ್ನಂತೂ ಬಿಟ್ಟೇಬಿಡಿ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಈ ಹಾಕಿ ಹಬ್ಬದಲ್ಲಿ ತಂಡದ ಹೆಸರೇ ಮನೆತನದ ಹೆಸರು. ಹಿರಿಯರು, ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ಆ ಹೆಸರಿನ ಪಕ್ಕ ಇಂಥ ಪದ ಅಚ್ಚಾದರೆ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ನೋವಾಗುತ್ತದೆ.