ಓದುಗರ ಪ್ರಶ್ನೆ: ಆಫ್ರಿಕಾದ ಸಣ್ಣ ರೈತರೂ ಸ್ಥಳೀಯ ಸರ್ಕಾರಗಳೂ

ಪ್ರಶ್ನೆ: ಆಫ್ರಿಕಾದ ಸಣ್ಣ ರೈತರಿಗಾಗಿ ಸರ್ಕಾರಗಳೂ ದಾನಿ ಸಂಸ್ಥೆಗಳೂ ಹಲವು ಯೋಜನೆಗಳನ್ನು ನಡೆಸುತ್ತಿರುವುದನ್ನು ಓದುತ್ತೇವೆ. ಇವುಗಳಲ್ಲಿ ಅಲ್ಲಿನ ಸ್ಥಳೀಯ ಸರ್ಕಾರಗಳಿಗೆ ನಿಜವಾದ ಪಾತ್ರವೇನಾದರೂ ಇದೆಯೇ? ಅಥವಾ ರಾಜಧಾನಿಯಿಂದ ಬಂದದ್ದನ್ನು ಹಂಚುವುದಷ್ಟೇ ಅವುಗಳ ಕೆಲಸವೇ?

ಉತ್ತರ: ದೇಶದಿಂದ ದೇಶಕ್ಕೆ ಉತ್ತರ ಬದಲಾಗುತ್ತದೆ, ಬರೀ ಹಂಚುವ ಕೆಲಸ ಮಾಡುವ ಸ್ಥಳೀಯ ಆಡಳಿತಗಳೂ ಬೇಕಾದಷ್ಟಿವೆ. ಆದರೆ ಒಬ್ಬಂಟಿ ರೈತನಿಂದಲೂ ಆಗದ, ದೂರದ ಸಚಿವಾಲಯದಿಂದಲೂ ಆಗದ ಕೆಲಸವೊಂದಿದೆ ಎಂಬುದನ್ನು ಕೀನ್ಯಾದ ಮಕುವೇನಿ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ, ತನ್ನದೇ ಸರ್ಕಾರವಿರುವ ಆಡಳಿತ ಘಟಕ) ಮಾವಿನ ತೋಟಗಳು ತೋರಿಸುತ್ತವೆ.

ಕೀನ್ಯಾದ 2010ರ ಸಂವಿಧಾನವು ಕೃಷಿಯನ್ನು ಬಹುಮಟ್ಟಿಗೆ ಕೌಂಟಿಗಳ ಹೊಣೆಗೆ ಒಪ್ಪಿಸಿತು. 2013ರಲ್ಲಿ 47 ಕೌಂಟಿ ಸರ್ಕಾರಗಳು ಅಧಿಕಾರ ವಹಿಸಿಕೊಂಡವು. ಮಳೆ ಕಡಿಮೆ ಬೀಳುವ ಮಕುವೇನಿಯಲ್ಲಿ ಸಣ್ಣ ರೈತರ ಕೈಗೆ ನಾಲ್ಕು ಕಾಸು ತರುವ ಬೆಳೆಯೆಂದರೆ ಮಾವು. ಆದರೆ ಮಾವಿಗೆ ಹಣ್ಣುನೊಣದ ಕಾಟ. ಹೆಣ್ಣು ನೊಣವು ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ; ಹೊರಗೆ ಒಂದು ಚುಕ್ಕೆ ಮಾತ್ರ ಕಾಣುವ ಹಣ್ಣನ್ನು ಕೊಯ್ದರೆ ತಿರುಳೆಲ್ಲ ಹುಳು ಹಿಡಿದು ಕೊಳೆತಿರುತ್ತದೆ. ಈ ಪಿಡುಗಿನಿಂದಾಗಿ 2014ರಲ್ಲಿ ಕೀನ್ಯಾವೇ ಯುರೋಪಿಗೆ ಮಾವಿನ ರಫ್ತನ್ನು ನಿಲ್ಲಿಸಬೇಕಾಯಿತು. ಒಬ್ಬ ರೈತ ತನ್ನ ಹತ್ತಾರು ಮರಗಳಿಗೆ ಮೋಹಕ ಬಲೆ (ನೊಣವನ್ನು ಆಕರ್ಷಿಸಿ ಹಿಡಿಯುವ ಸಾಧನ) ಕಟ್ಟಿ, ಉದುರಿದ ಹಣ್ಣನ್ನೆಲ್ಲ ಆರಿಸಿ ಆಳವಾಗಿ ಹೂತರೂ, ಪಕ್ಕದ ತೋಟದಲ್ಲಿ ಹಣ್ಣು ಕೊಳೆಯುತ್ತಿದ್ದರೆ ನೊಣ ಅಲ್ಲಿಂದ ಮತ್ತೆ ಹಾರಿ ಬರುತ್ತದೆ. ಆದ್ದರಿಂದ ಇಡೀ ಪ್ರದೇಶದ ತೋಟಗಳೆಲ್ಲ ಒಂದೇ ಹಂಗಾಮಿನಲ್ಲಿ ಬಲೆ ಕಟ್ಟುವಂತೆ ಮಾಡಬೇಕು; ಸ್ಥಳೀಯ ಸರ್ಕಾರ ಮಾಡಬಲ್ಲ ಕೆಲಸವೆಂದರೆ ಇದೇ. ಮಕುವೇನಿಯಲ್ಲಿ ಹಣ್ಣುನೊಣ ನಿಯಂತ್ರಿತ ವಲಯವನ್ನು ರೂಪಿಸಿದ ಮೇಲೆಯೇ 2021ರಲ್ಲಿ ರಫ್ತು ಮರಳಿ ಆರಂಭವಾಯಿತು. ಅದಕ್ಕೂ ಮೊದಲು, 2017ರಲ್ಲಿ, ಕೌಂಟಿ ಸರ್ಕಾರವು ಕಲಾಂಬಾ ಎಂಬಲ್ಲಿ ಮಾವಿನ ತಿರುಳು ತೆಗೆಯುವ ಘಟಕವನ್ನು ಸ್ಥಾಪಿಸಿ, ದಲ್ಲಾಳಿ ಹೇಳಿದ ಬೆಲೆಗೆ ಹಣ್ಣು ಕೊಡಲೇಬೇಕಾಗಿದ್ದ ರೈತರಿಗೆ ಇನ್ನೊಂದು ದಾರಿ ತೋರಿಸಿತ್ತು.

ಇಷ್ಟಾದರೂ ಹೊಣೆ ಬಂದಷ್ಟು ಸಲೀಸಾಗಿ ಹಣ ಬರುವುದಿಲ್ಲ. ರಾಷ್ಟ್ರೀಯ ವರಮಾನದಲ್ಲಿ ಕನಿಷ್ಠ ಶೇ. 15ರಷ್ಟು ಪಾಲು ಕೌಂಟಿಗಳಿಗೆ ಸಲ್ಲಬೇಕೆಂದು ಸಂವಿಧಾನದಲ್ಲೇ ಬರೆದಿದ್ದರೂ ಬಿಡುಗಡೆ ಪದೇ ಪದೇ ತಡವಾಗುತ್ತದೆ. ಬಿತ್ತನೆಯ ಹದ ಮುಗಿದ ಮೇಲೆ ಕೈಸೇರಿದ ಬೀಜದಿಂದ ರೈತನಿಗೆ ಏನು ಪ್ರಯೋಜನ?

ಇನ್ನೊಂದು ತೊಡಕನ್ನೂ ಮುಚ್ಚಿಡಬಾರದು. ಟಾಂಜಾನಿಯಾದಲ್ಲಿ ಬೀಜ, ಗೊಬ್ಬರದ ರಿಯಾಯಿತಿ ಚೀಟಿ ಯಾರಿಗೆ ಸಿಗಬೇಕೆಂಬ ನಿರ್ಧಾರವನ್ನು ಹಳ್ಳಿಯ ಸಮಿತಿಗಳಿಗೇ ಬಿಡಲಾಗಿತ್ತು. ಯಾರ ಮನೆಯಲ್ಲಿ ಎಷ್ಟು ಕಷ್ಟವಿದೆಯೆಂದು ಊರಿನವರಿಗಲ್ಲದೆ ಬೇರೆಯವರಿಗೆ ಗೊತ್ತಿರುವುದಿಲ್ಲವಾದ್ದರಿಂದ ಆ ಕ್ರಮ ಸರಿಯಾಗಿಯೇ ಇತ್ತು. ಆದರೆ ಕಿಲಿಮಂಜಾರೋ ಪ್ರದೇಶದಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ, ಹಂಚಿದ ಚೀಟಿಗಳಲ್ಲಿ ಶೇ. 60ರಷ್ಟು ಹಳ್ಳಿಯ ಚುನಾಯಿತ ಪದಾಧಿಕಾರಿಗಳ ಮನೆಗಳಿಗೇ ಹೋಗಿದ್ದವು. ಹಾಗೆಂದು ಅಧಿಕಾರವನ್ನು ಮತ್ತೆ ರಾಜಧಾನಿಗೆ ಒಯ್ಯಬೇಕೆಂದು ನಾನು ಹೇಳಲಾರೆ. ಫಲಾನುಭವಿಗಳ ಪಟ್ಟಿಯನ್ನು ಊರಿನ ಸಭೆಯಲ್ಲಿ ಎಲ್ಲರೆದುರು ಓದಬೇಕು; ಹೆಸರು ಬಿಟ್ಟುಹೋದವರು, ಅದರಲ್ಲೂ ತಮ್ಮ ಹೆಸರಿನಲ್ಲಿ ಜಮೀನಿಲ್ಲದೆ ಹೊಲ ಗೇಯುವ ಹೆಂಗಸರು, ಅಲ್ಲೇ ಎದ್ದುನಿಂತು ಕೇಳುವಂತಿರಬೇಕು.

ಒಂದೇ ವೆಚ್ಚಕ್ಕೆ ಹಣವಿದ್ದರೆ ಸ್ಥಳೀಯ ಸರ್ಕಾರ ಯಾವುದನ್ನು ಆರಿಸಬೇಕೆಂದು ನೀವು ಕೇಳಿದ್ದರೆ, ಕೃಷಿ ವಿಸ್ತರಣಾ ಸಿಬ್ಬಂದಿಯನ್ನು, ಅಂದರೆ ರೈತರ ಬಳಿಗೇ ಹೋಗಿ ಕೃಷಿ ಸಲಹೆ ಕೊಡುವವರನ್ನು, ಎನ್ನುತ್ತಿದ್ದೆ. ಇಥಿಯೋಪಿಯಾವು ಕೆಬೆಲೆ ಎಂಬ ತನ್ನ ಅತಿ ಕೆಳಗಿನ ಆಡಳಿತ ಘಟಕಕ್ಕೆ ಬೆಳೆ, ಜಾನುವಾರು ಮತ್ತು ಮಣ್ಣು-ನೀರಿನ ಸಂರಕ್ಷಣೆಗೆ ಒಬ್ಬೊಬ್ಬರಂತೆ ಮೂವರನ್ನು ನೇಮಿಸುವ ಪದ್ಧತಿಯನ್ನು ರೂಢಿಸಿಕೊಂಡಿದೆ. ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದ, ಬೈಕಿಗೆ ಪೆಟ್ರೋಲಿನ ಹಣವೂ ಸಿಗದ ಕಡೆಗಳಲ್ಲಿ ಅತ್ಯುತ್ತಮ ತಳಿಯ ಬೀಜವೂ ಗೋದಾಮಿನಲ್ಲೇ ಉಳಿಯುತ್ತದೆ.