ಬೀಗದ ಕೈ ಯಾರ ಹತ್ತಿರ?

ವಿರಾಜಪೇಟೆ ಹತ್ತಿರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಊರಿನ ಹೊಸ ಚರ್ಚ್ ಕಟ್ಟಡ ಮುಗಿದಿದೆ. ಕಾಫಿ ಕೊಯ್ಲಿನ ಕೂಲಿಯಲ್ಲಿ ಉಳಿಸಿ ಕೊಟ್ಟವರೂ ಇದ್ದಾರೆ. ಈಗ ಕೆಳಗಿನ ಹಾಲ್ ಊರಿನ ಎಲ್ಲರಿಗೂ ತೆರೆದಿರಲಿ ಅನ್ನುತ್ತಾರೆ ಫಾದರ್. ನನಗೆ ಮನಸ್ಸು ಒಪ್ಪುತ್ತಿಲ್ಲ. ಪವಿತ್ರ ಜಾಗ ಹಾಳಾಗುವುದಿಲ್ಲವೇ? ಮದುವೆಗೆ ಕೊಟ್ಟರೆ ಕುಡಿತ ಬರುವುದಿಲ್ಲವೇ?"

ಅಕ್ಕಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೂಲಿ ದುಡ್ಡಿನಲ್ಲಿ ಉಳಿಸಿ ಕೊಟ್ಟವರ ಮಾತು ಬಂದಲ್ಲಿ ಮನಸ್ಸು ತುಂಬಿ ಬಂತು. ಅಷ್ಟು ಕಷ್ಟಪಟ್ಟು ಕಟ್ಟಿದ್ದಕ್ಕೆ ಏನಾಗಿಬಿಡುತ್ತೋ ಎಂಬ ಅಂಜಿಕೆ ಸಹಜ. ಆದರೂ ನಾನು ಫಾದರ್ ಕಡೆಗೇ.

ಮೊದಲು ಪಾವಿತ್ರ್ಯದ ಮಾತು. ಬಲಿಪೀಠ ಇರುವ ಜಾಗ ಬೇರೆ, ಕೆಳಗಿನ ಹಾಲ್ ಬೇರೆ. ಕ್ಯಾಥೊಲಿಕ್ ಸಭೆಯ ಕಾನೂನಿನ 1210ನೇ ನಿಯಮ ಪೂಜೆಯ ಜಾಗವನ್ನು ಪೂಜೆ, ಭಕ್ತಿಗೆ ಮಾತ್ರ ಮೀಸಲಿಡುತ್ತದೆ. ಅಲ್ಲಿ ಬೇರೇನಾದರೂ ನಡೆಸಬೇಕಾದರೆ ಬಿಷಪರ ಅನುಮತಿ ಬೇಕು, ಅದೂ ಜಾಗದ ಪಾವಿತ್ರ್ಯಕ್ಕೆ ಒಪ್ಪುವಂಥದ್ದೇ ಆಗಿರಬೇಕು. ಹಾಲ್ ಇರುವುದೇ ಜನ ಸೇರಲು. ಅಲ್ಲಿ ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ) ಮಕ್ಕಳು ಸಂಜೆ ಓದಿದರೆ, ಸ್ತ್ರೀಶಕ್ತಿ ಸಂಘದವರು ಕೂತು ಲೆಕ್ಕ ಬರೆದರೆ ಯಾವ ಪಾವಿತ್ರ್ಯ ಕೆಡುತ್ತದೆ ಹೇಳಿ?

ಇನ್ನೊಂದು ವಿಷಯ ನಿಮ್ಮ ಊರಿನ ಹತ್ತಿರದ್ದೇ. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವನೂ ಅವನೇ. ಸಂತ ಅನ್ನಮ್ಮನ ಚರ್ಚ್ ಶುರುವಾಗಿದ್ದು ಹಾಗೆ. ರಾಜ ಲಿಂಗಾಯತ, ಬಂದವರು ಕ್ರೈಸ್ತರು. ನಮ್ಮ ಜಿಲ್ಲೆಯಲ್ಲಿ ನಿಮ್ಮ ಸಭೆ ಬೇರು ಬಿಟ್ಟಿದ್ದೇ ಬೇರೆಯವರು ಬಿಟ್ಟುಕೊಟ್ಟ ಜಾಗದಲ್ಲಿ, ಅಲ್ವಾ?

ಈಗ ನನಗೆ ನಿಜವಾಗಿ ಮುಖ್ಯ ಅನ್ನಿಸುವ ಮಾತು. ಎಲ್ಲರಿಗೂ ತೆರೆದಿದೆ ಎಂದು ಬೋರ್ಡ್ ಹಾಕಿದರೆ ಸಾಲದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲೇ ಓಡಿ ಬಂದರು. ಆ ದಿನಗಳಲ್ಲಿ ಒಂದು ಊರಿನಲ್ಲಿ ನಾನು ಕಂಡದ್ದು ಈಗಲೂ ಕಣ್ಣ ಮುಂದೆ ಇದೆ. ದೊಡ್ಡ ಹಾಲ್ ಇತ್ತು. ಬಾಗಿಲಲ್ಲಿ ಒದ್ದೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ನಿಂತಿದ್ದರು. ಬೀಗದ ಕೈ ಇಟ್ಟುಕೊಂಡವರು ಮೈಸೂರಿಗೆ ಹೋಗಿದ್ದರು. ಫೋನೂ ಸಿಗುತ್ತಿರಲಿಲ್ಲ. ಆ ಹಾಲ್‌ನವರು ಕೆಟ್ಟವರಲ್ಲ. ಕೇಳಿದವರಿಗೆ ಯಾವಾಗಲೂ ಕೊಡುತ್ತಿದ್ದವರೇ. ಆದರೆ ಪ್ರತಿ ಸಲ ಕೇಳಿಯೇ ಪಡೆಯಬೇಕಿತ್ತು.

ಅದಕ್ಕೇ ಹೇಳುತ್ತೇನೆ, ಹಾಲ್ ನೋಡಿಕೊಳ್ಳಲು ಒಂದು ಚಿಕ್ಕ ಸಮಿತಿ ಮಾಡಿ. ಅದರಲ್ಲಿ ಚರ್ಚಿಗೆ ಬಾರದವರೂ ಇರಲಿ. ಒಂದು ಬೀಗದ ಕೈ ಅವರಲ್ಲೊಬ್ಬರ ಮನೆಯಲ್ಲಿ ಇರಲಿ. ಹಾಲ್‌ಗೆ ಹೊರಗಿನಿಂದಲೇ ಬಾಗಿಲು ಇರಲಿ, ಆಗ ಪೂಜೆ ನಡೆಯುವಾಗ ಯಾರಿಗೂ ತೊಂದರೆ ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ದಿನಗಟ್ಟಲೆ ಹೋಗುತ್ತದೆ, ಒಂದು ಜನರೇಟರ್‌ಗೆ ಈಗಲೇ ದುಡ್ಡು ಎತ್ತಿಡಿ. ಹಾಲ್‌ನ ಕರೆಂಟ್‌ಗೆ ಬೇರೆ ಮೀಟರ್ ಹಾಕಿಸಿದರೆ ಬಿಲ್ಲಿನ ಬಗ್ಗೆ ಮಾತು ಬೆಳೆಯುವುದಿಲ್ಲ. ಗುಡಿಸುವವರ ಸಂಬಳಕ್ಕಾಗುವಷ್ಟು ಬಾಡಿಗೆ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಕುಡಿತದ ಬಗ್ಗೆ ನೀವು ಹೇಳಿದ್ದು ಸರಿ. ಕೊಡಗಿನ ಮದುವೆ ಅಂದರೆ ಆ ಪ್ರಶ್ನೆ ಬಂದೇ ಬರುತ್ತದೆ. ಹಾಲ್‌ನಲ್ಲಿ ಬೇಡ ಎಂದು ನಿಯಮ ಮಾಡಿ. ಆದರೆ ಚರ್ಚಿನವರ ಮನೆ ಮದುವೆಗೂ ಅದೇ ನಿಯಮ. ಇದರಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಬೇರೆಯವರಿಗೊಂದು ನ್ಯಾಯ, ನಮ್ಮವರಿಗೊಂದು ನ್ಯಾಯ ಆದ ದಿನವೇ ಊರಿನವರು ಹಾಲ್‌ಗೆ ಬರುವುದನ್ನು ಬಿಡುತ್ತಾರೆ.

ಕೂಲಿಯಲ್ಲಿ ಉಳಿಸಿ ಕೊಟ್ಟವರನ್ನೂ ಒಂದು ಮಾತು ಕೇಳಿ ಅಕ್ಕಾ. ಅವರ ಪಕ್ಕದ ಲೈನ್ ಮನೆಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಅವರು ಏನು ಹೇಳಿದರು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ